ಕರಾವಳಿಯ ತೇವದಲ್ಲಿ ಝಿಂಕ್ ಆಕ್ಸೈಡ್ ಪದರ: ಸಾವಯವ ಸೌರಕೋಶ ಕಟ್ಟಿದ ದಾಖಲೆ

ಸಾವಯವ ಸೌರಕೋಶದ ಮಾತು ಬಂದಾಗಲೆಲ್ಲ ಬೆಳಕನ್ನು ಹೀರುವ ಪಾಲಿಮರ್‌ನ ಹೆಸರೇ ಮೊದಲು ಕೇಳಿಬರುತ್ತದೆ. ಆದರೆ ಮಂಗಳೂರಿನಲ್ಲಿ, ಅದರಲ್ಲೂ ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆಗಾಲದಲ್ಲಿ, ಇಂಥ ಕೋಶವನ್ನು ಕಟ್ಟಲು ಕುಳಿತವರ ಹೊತ್ತನ್ನೆಲ್ಲ ನುಂಗುವುದು ಆ ಪಾಲಿಮರ್ ಅಲ್ಲ. ಅದರ ಮೇಲೂ ಕೆಳಗೂ ಇರುವ, ಹತ್ತರಿಂದ ನಲವತ್ತು ನ್ಯಾನೊಮೀಟರ್ ದಪ್ಪದ ವಿದ್ಯುದಾವೇಶ ಸಾಗಣೆಯ ಪದರಗಳು. ಕಡಲಿಗೆ ಸಮೀಪದ ನಮ್ಮ ಪುಟ್ಟ ಪ್ರಯೋಗಾಲಯದಲ್ಲಿ ಈ ಮಳೆಗಾಲ ಪೂರ್ತಿ ಕೆಲಸ ಮಾಡಿ, ಆ ಪದರಗಳನ್ನು ಒಪ್ಪುವ ಮಟ್ಟಕ್ಕೆ ತಂದ ಬಗೆಯನ್ನು ಇಲ್ಲಿ ಬರೆದಿಡುತ್ತಿದ್ದೇನೆ. ಕೋಶದ ದಕ್ಷತೆಯಲ್ಲಿ ದಾಖಲೆ ಮುರಿಯುವುದು ನಮ್ಮ ಗುರಿಯಾಗಿರಲಿಲ್ಲ. ಗ್ಲೋವ್ ಬಾಕ್ಸ್ (ಕೈಗವಸಿನ ಮೂಲಕ ಒಳಗೆ ಕೆಲಸ ಮಾಡುವ, ಗಾಳಿಯಾಡದ ಪೆಟ್ಟಿಗೆ) ಇಲ್ಲದೆ, ಗಾಳಿಯ ಆರ್ದ್ರತೆ 90 ಶೇಕಡಾದ ಆಸುಪಾಸಿನಲ್ಲಿರುವಾಗಲೂ ಇಂದು ಮಾಡಿದ ಕೋಶ ನಾಳೆ ಮಾಡಿದ ಕೋಶದಂತೆಯೇ ಇರಬೇಕು ಎಂಬಷ್ಟೇ ನಮ್ಮ ಹಂಬಲವಾಗಿತ್ತು.

ಪದರಗಳ ಕೆಲಸ ಏನೆಂಬುದನ್ನು ಮೊದಲು ಹೇಳಿಬಿಡುತ್ತೇನೆ. 1986ರಲ್ಲಿ ವಿಜ್ಞಾನಿ ಚಿಂಗ್ ಟಾಂಗ್ ಪ್ರಕಟಿಸಿದ ಎರಡು ಪದರದ ಕೋಶದ ದಕ್ಷತೆ ಸುಮಾರು 1 ಶೇಕಡಾ ಇತ್ತು. 1990ರ ದಶಕದ ನಡುವೆ ಎಲೆಕ್ಟ್ರಾನ್ ಕೊಡುವ ವಸ್ತುವನ್ನೂ ಪಡೆಯುವ ವಸ್ತುವನ್ನೂ ಒಂದೇ ದ್ರಾವಣದಲ್ಲಿ ಬೆರೆಸಿ ಬಳಿಯುವ ವಿಧಾನ ಬಂದ ಮೇಲೆ ಕೋಶಗಳು ಬಹಳ ಸುಧಾರಿಸಿದವು. ಆದರೆ ಆ ಬೆರಕೆಯಿಂದಲೇ ಒಂದು ತೊಡಕೂ ಹುಟ್ಟಿತು. ಬೆರಕೆ ಪದರದ ಎರಡು ಮುಖಗಳಲ್ಲಿಯೂ ಎರಡೂ ವಸ್ತುಗಳು ಇರುವುದರಿಂದ, ಎಲೆಕ್ಟ್ರಾನ್ ಯಾವ ಕಡೆಗೆ ಹೋಗಬೇಕು, ಹೋಲ್ (ಎಲೆಕ್ಟ್ರಾನ್ ಬಿಟ್ಟುಹೋದ ಧನಾವೇಶದ ಖಾಲಿ ಜಾಗ) ಯಾವ ಕಡೆಗೆ ಹೋಗಬೇಕು ಎಂಬುದನ್ನು ಆ ಪದರ ತಾನಾಗಿ ತೀರ್ಮಾನಿಸಲಾರದು. ನಾವು ಬಳಸಿದ, ಎಲೆಕ್ಟ್ರಾನ್ ಕೊಡುವ ಪಿ3ಎಚ್‌ಟಿ ಪಾಲಿಮರ್‌ನ ಹೋಲ್ ಮಟ್ಟ (ಹೋಲ್ ಇರುವ ಶಕ್ತಿಮಟ್ಟ; ಇಲ್ಲಿನ ಅಂಕೆಗಳು ಅಂಥ ಮಟ್ಟಗಳ ಆಳ) ಸುಮಾರು 5 ಎಲೆಕ್ಟ್ರಾನ್ ವೋಲ್ಟ್‌ನಲ್ಲಿದೆ. ಚೆಂಡಿನಾಕಾರದ ಇಂಗಾಲದ ಅಣುವಾದ, ಎಲೆಕ್ಟ್ರಾನ್ ಪಡೆಯುವ ಪಿಸಿಬಿಎಂ ಎಂಬ ಫುಲರೀನ್‌ನ ಎಲೆಕ್ಟ್ರಾನ್ ಮಟ್ಟ 4ರ ಸಮೀಪದಲ್ಲಿದೆ. ಕೆಳಗಿನ ಐಟಿಒ ಗಾಜಿನ (ವಿದ್ಯುತ್ ಹರಿಯುವ ಪಾರದರ್ಶಕ ಲೇಪವಿರುವ ಗಾಜು) ವರ್ಕ್ ಫಂಕ್ಷನ್, ಅಂದರೆ ಅದರಿಂದ ಎಲೆಕ್ಟ್ರಾನನ್ನು ಹೊರತೆಗೆಯಲು ಬೇಕಾದ ಶಕ್ತಿ, ಸುಮಾರು 4.7, ಅಂದರೆ ಎರಡರ ನಡುವೆ. ಬರಿಯ ಐಟಿಒ ಎಲೆಕ್ಟ್ರಾನನ್ನೂ ಹೋಲನ್ನೂ ಸಮಾನವಾಗಿ ಒಳಗೆ ಬಿಟ್ಟುಕೊಳ್ಳುತ್ತದೆ, ಅಲ್ಲಿಯೇ ಅವೆರಡೂ ಸೇರಿ ನಾಶವಾಗುತ್ತವೆ. ಝಿಂಕ್ ಆಕ್ಸೈಡ್‌ನ ವಹನ ಪಟ್ಟಿ (ಎಲೆಕ್ಟ್ರಾನ್ ಸಾಗುವ ಮಟ್ಟ) 4.3ರ ಆಸುಪಾಸಿನಲ್ಲಿದ್ದು, ಅಲ್ಲಿಂದ ಹೋಲ್ ಸಾಗುವ ವೇಲೆನ್ಸ್ ಪಟ್ಟಿಯವರೆಗಿನ ಅಂತರ, ಅಂದರೆ ಬ್ಯಾಂಡ್ ಗ್ಯಾಪ್, ಸುಮಾರು 3.3 ಎಲೆಕ್ಟ್ರಾನ್ ವೋಲ್ಟ್ ಆಗಿರುವುದರಿಂದ ಅದರ ವೇಲೆನ್ಸ್ ಪಟ್ಟಿ ಏಳೂವರೆಗಿಂತಲೂ ಆಳದಲ್ಲಿದೆ. ಪಿಸಿಬಿಎಂನಿಂದ ಬರುವ ಎಲೆಕ್ಟ್ರಾನಿಗೆ ಅಲ್ಲಿ ದಾರಿ ಇದೆ. ಪಿ3ಎಚ್‌ಟಿಯ ಹೋಲಿಗೆ ಇಲ್ಲ. ಈ ಒಂದು ಆಯ್ಕೆಗಾಗಿಯೇ ಆ ಪದರ ಇರುವುದು.

ನಾವು ತಲೆಕೆಳಗಾದ ರಚನೆಯನ್ನು ಆರಿಸಿಕೊಂಡದ್ದಕ್ಕೆ ಊರಿನ ಹವೆಯೇ ಕಾರಣ. ರೂಢಿಯ ರಚನೆಯಲ್ಲಿ ಐಟಿಒ ಮೇಲೆ ಹೋಲ್ ಸಾಗಿಸುವ ಪಾಲಿಮರ್ ಆದ ಪೆಡಾಟ್ ಪಿಎಸ್‌ಎಸ್ ಬಳಿದು, ಎಲ್ಲಕ್ಕಿಂತ ಮೇಲೆ ಕ್ಯಾಲ್ಸಿಯಂ ಅಥವಾ ಅಲ್ಯೂಮಿನಿಯಂ ಲೋಹವನ್ನು ಕೂರಿಸುತ್ತಾರೆ. ಪೆಡಾಟ್ ಪಿಎಸ್‌ಎಸ್‌ನ ಪಿಎಚ್ 1ರಿಂದ 2ರಷ್ಟು ಆಮ್ಲೀಯವಾಗಿದ್ದು ಅದು ಐಟಿಒವನ್ನು ನಿಧಾನವಾಗಿ ಕೊರೆಯುತ್ತದೆ; ಮೇಲಿನ ಲೋಹವಂತೂ ತೇವಾಂಶ ಕಂಡೊಡನೆ ಆಕ್ಸೈಡ್ ಆಗುತ್ತದೆ. ತಲೆಕೆಳಗಾದ ರಚನೆಯಲ್ಲಿ ಐಟಿಒ ಮೇಲೆ ಝಿಂಕ್ ಆಕ್ಸೈಡ್, ಅದರ ಮೇಲೆ ಬೆರಕೆ ಪದರ, ಬಳಿಕ ಹೋಲ್ ಸಾಗಿಸುವ ಪದರ, ಕೊನೆಗೆ ಬೆಳ್ಳಿ ಬರುತ್ತದೆ. ಕರಾವಳಿಯಲ್ಲಿ ಕೋಶ ಮಾಡುವವರು ಬೇರೆ ರಚನೆಯ ಗೋಜಿಗೇ ಹೋಗಬಾರದೆಂಬುದು ನನ್ನ ಖಚಿತ ಅಭಿಪ್ರಾಯ.

ಸ್ಪಿನ್ ಕೋಟರ್

ಗಾಜನ್ನು ವೇಗವಾಗಿ ತಿರುಗಿಸಿ ಅದರ ಮೇಲಿನ ದ್ರಾವಣವನ್ನು ತೆಳುವಾಗಿ ಹರಡುವ, ಸಾವಿರಾರು ರೂಪಾಯಿಯ ಈ ಯಂತ್ರವನ್ನು ಕೊಳ್ಳುವ ಬದಲು ನಾವೇ ಒಂದನ್ನು ಕಟ್ಟಿದೆವು. ಡ್ರೋನ್‌ಗೆ ಬಳಸುವ ಬ್ರಷ್‌ರಹಿತ ಮೋಟಾರು, ಅದರ ವೇಗ ನಿಯಂತ್ರಕ, ಒಂದು ಆರ್ಡುಯಿನೊ (ಪುಟ್ಟ ನಿಯಂತ್ರಕ ಫಲಕ), ಸುತ್ತು ಎಣಿಸಲು ಅಯಸ್ಕಾಂತವನ್ನು ಗುರುತಿಸುವ ಹಾಲ್ ಸಂವೇದಕ, ಇಷ್ಟೇ ಅದರ ಸಾಮಾನು. ಮಿಕ್ಸಿಯ ಮೋಟಾರನ್ನು ಕಿತ್ತು ಹಾಕಬಹುದಲ್ಲವೇ ಎಂದು ಹಲವರು ಕೇಳುತ್ತಾರೆ. ಮಿಕ್ಸಿಯ ಮೋಟಾರಿನಲ್ಲಿ ಕಾರ್ಬನ್ ಬ್ರಷ್ ಕಿಡಿ ಹಾರಿಸುತ್ತದೆ. ನಾವು ಬಳಿಯುವ ದ್ರಾವಣಗಳ ಆವಿ ಹೊತ್ತಿಕೊಳ್ಳುವಂಥದ್ದು. ಹಾಗಾಗಿ ಆ ದಾರಿ ಬೇಡ. ಡ್ರೋನ್ ಮೋಟಾರಿನಲ್ಲಿಯೂ ವೋಲ್ಟಿಗೆ ಸಾವಿರಕ್ಕೂ ಹೆಚ್ಚು ಸುತ್ತು ತಿರುಗುವಂಥವು ಕಡಿಮೆ ವೇಗದಲ್ಲಿ ಮುಗ್ಗರಿಸುತ್ತವೆ, ಬೆರಕೆ ಪದರಕ್ಕಾದರೋ ನಿಮಿಷಕ್ಕೆ ಸಾವಿರ ಸುತ್ತಿನ ವೇಗ ಸ್ಥಿರವಾಗಿ ಬೇಕು. ಆದ್ದರಿಂದ ವೋಲ್ಟಿಗೆ 500ರಷ್ಟು ಸುತ್ತುವ, ಸ್ವಲ್ಪ ಅಗಲವಾದ ಮೋಟಾರನ್ನು ತೆಗೆದುಕೊಂಡು 12 ವೋಲ್ಟ್‌ನಲ್ಲಿ ಓಡಿಸಿದೆವು.

ಗಾಜನ್ನು ಹಿಡಿದಿಡಲು ನಿರ್ವಾತ ಪಂಪಿನ ಬದಲು ಅಲ್ಯೂಮಿನಿಯಂ ಬಿಲ್ಲೆಯಲ್ಲಿ ಚೌಕಾಕಾರದ ಗುಳಿಯನ್ನು ಕೊರೆಸಿದೆವು. ಬೈಕಂಪಾಡಿಯ ಲೇತ್ ಅಂಗಡಿಯವರು ನಕ್ಷೆ ನೋಡಿ, "ಇಷ್ಟು ಸಣ್ಣದು ಎಂತದಕ್ಕೆ ಮಾರಾಯ್ರೆ?" ಎಂದು ಕೇಳಿದರೂ, ಗುಳಿಯ ನಾಲ್ಕು ಮೂಲೆಗಳಲ್ಲಿ ಡ್ರಿಲ್ ಮಾಡಿದ ತೂತು ಬಿಡಬೇಕೆಂಬ ಸಲಹೆಯನ್ನು ಕೊಟ್ಟವರು ಅವರೇ. ಮಿಲ್ಲಿಂಗ್ ಮಾಡಿದ ಗುಳಿಯ ಮೂಲೆ ಎಂದಿಗೂ ಗುಂಡಗೇ ಇರುತ್ತದೆ, ಗಾಜಿನ ಮೂಲೆ ಚೂಪಾಗಿರುತ್ತದೆ; ತೂತಿಲ್ಲದಿದ್ದರೆ ಗಾಜು ಒಳಗೆ ಕೂರುವುದಿಲ್ಲ. ಗಾಜು 20 ಮಿಲಿಮೀಟರ್ ಚೌಕ, ದಪ್ಪ 1.1 ಮಿಲಿಮೀಟರ್. ಗುಳಿಯ ಆಳವನ್ನು 0.8 ಮಿಲಿಮೀಟರಿಗೆ ನಿಲ್ಲಿಸಿದ್ದರಿಂದ ಗಾಜಿನ ಮುಖ ಬಿಲ್ಲೆಗಿಂತ ತುಸು ಮೇಲಕ್ಕಿರುತ್ತದೆ, ದ್ರಾವಣ ಅಂಚಿನಲ್ಲಿ ತಂಗದೆ ಹೊರಕ್ಕೆ ಚಿಮ್ಮುತ್ತದೆ. ಹಾಲ್ ಸಂವೇದಕಕ್ಕಾಗಿ ಬಿಲ್ಲೆಯ ಅಡಿಯಲ್ಲಿ ಅಂಟಿಸಿದ ಅಯಸ್ಕಾಂತಕ್ಕೆ ಎದುರು ಬದಿಯಲ್ಲಿ ಅಷ್ಟೇ ತೂಕದ ಇನ್ನೊಂದು ಚೂರು ಇಡಲೇಬೇಕು. ಇಲ್ಲದಿದ್ದರೆ 4000 ಸುತ್ತಿನಲ್ಲಿ ಮೇಜು ಸಹಿತ ನಡುಗುತ್ತದೆ.

ವೇಗ ಸರಿಯಿದೆಯೇ ಎಂದು ತಿಳಿಯಲು ಟ್ಯಾಕೊಮೀಟರ್ ಬೇಕಿಲ್ಲ. ತಾಮ್ರದ ಚೋಕ್ ಇರುವ ಹಳೆಯ ಟ್ಯೂಬ್‌ಲೈಟ್ ನಮ್ಮ 50 ಹರ್ಟ್ಸ್ ವಿದ್ಯುತ್ತಿನಲ್ಲಿ ಸೆಕೆಂಡಿಗೆ 100 ಬಾರಿ ಮಿನುಗುತ್ತದೆ. ಬಿಲ್ಲೆಯ ಮೇಲೆ ಮಾರ್ಕರ್‌ನಿಂದ ಒಂದು ಗೆರೆ ಎಳೆದು ಆ ಬೆಳಕಿನಡಿ ತಿರುಗಿಸಿದರೆ, ನಿಮಿಷಕ್ಕೆ 3000 ಸುತ್ತಿನಲ್ಲಿ ಎದುರುಬದುರಾಗಿ ಎರಡು ಗೆರೆಗಳು ನಿಂತಂತೆ ಕಾಣುತ್ತವೆ. 1500 ಸುತ್ತಿನಲ್ಲಿ ನಾಲ್ಕು ಗೆರೆಗಳು. ಗೆರೆ ಮೆಲ್ಲಗೆ ಹಿಂದಕ್ಕೆ ಸರಿದರೆ ವೇಗ ಕಡಿಮೆ, ಮುಂದಕ್ಕೆ ಸರಿದರೆ ಹೆಚ್ಚು. ಎಲ್‌ಇಡಿ ಟ್ಯೂಬ್‌ಗಳು ಬಂದು ಈ ಸೌಕರ್ಯ ಮನೆಗಳಿಂದ ಹೋಗಿಬಿಟ್ಟಿದೆ. ನಮ್ಮಲ್ಲಿ ಒಂದು ಹಳೆಯ ಪಟ್ಟಿಯನ್ನು ಇದಕ್ಕೆಂದೇ ಉಳಿಸಿಕೊಂಡಿದ್ದೇವೆ.

ಒಣ ಪೆಟ್ಟಿಗೆ

ಇಡೀ ಕೋಣೆಯನ್ನು ಎಸಿ ಹಾಕಿ ಒಣಗಿಸುವುದು ದುಬಾರಿ, ಅದರಿಂದ ಆರ್ದ್ರತೆ 55ರ ಕೆಳಗೆ ಇಳಿಯುವುದೂ ಕಷ್ಟ. ಸ್ಪಿನ್ ಕೋಟರ್ ಇರುವಷ್ಟು ಜಾಗವನ್ನು ಮಾತ್ರ ಒಣಗಿಸಿದರೆ ಸಾಕು ಎಂದು ಲೆಕ್ಕ ಹಾಕಿದೆವು. 28 ಡಿಗ್ರಿ ಸೆಲ್ಸಿಯಸ್‌ನಲ್ಲಿ ಪೂರ್ಣ ಆರ್ದ್ರವಾದ ಗಾಳಿಯ ಒಂದು ಘನಮೀಟರಿನಲ್ಲಿ ಸುಮಾರು 27 ಗ್ರಾಂ ನೀರಾವಿ ಇರುತ್ತದೆ. 90 ಶೇಕಡಾ ಆರ್ದ್ರತೆ ಇದ್ದರೂ 100 ಲೀಟರ್‌ನ ಪೆಟ್ಟಿಗೆಯೊಳಗೆ ಇರುವ ನೀರು ಎರಡೂವರೆ ಗ್ರಾಂ ದಾಟುವುದಿಲ್ಲ. ಒಂದು ಕಿಲೊ ಸಿಲಿಕಾ ಜೆಲ್‌ಗೆ ಅದು ಲೆಕ್ಕಕ್ಕೇ ಬಾರದ ಹೊರೆ. ನಿಜವಾದ ಹೊರೆ ಸೋರಿಕೆ. ಹೀಗಾಗಿ ಹೊರಗಿನ ಗಾಳಿಯನ್ನು ಜೆಲ್‌ ಮೂಲಕ ಒಳಗೆ ದೂಡುವ ಬದಲು, ಒಳಗಿನ ಗಾಳಿಯನ್ನೇ ಮೀನಿನ ತೊಟ್ಟಿಯ ಪಂಪಿನಿಂದ ಎಳೆದು, ಜೆಲ್ ತುಂಬಿದ ಪೈಪಿನಲ್ಲಿ ಹಾಯಿಸಿ, ಮತ್ತೆ ಒಳಗೇ ಬಿಡುವ ಏರ್ಪಾಡು ಮಾಡಿದೆವು.

ಪೆಟ್ಟಿಗೆಗೆ ಮುಚ್ಚಳವಿರುವ ಪಾರದರ್ಶಕ ಪ್ಲಾಸ್ಟಿಕ್ ಡಬ್ಬ, ಮುಚ್ಚಳದ ಸುತ್ತ ಫ್ರಿಜ್ ಬಾಗಿಲಿನ ರಬ್ಬರ್ ಪಟ್ಟಿ, ಕೈ ತೂರಿಸುವ ಎರಡು ತೂತುಗಳಿಗೆ ಹಳೆಯ ರೈನ್‌ಕೋಟಿನ ತೋಳುಗಳು. ಇವಿಷ್ಟನ್ನೂ ಪೇಟೆಯಲ್ಲೇ ಹೊಂದಿಸಿದೆವು. ಹೊರಗೆ ಮೀಟರು 88 ತೋರಿಸುತ್ತಿರುವಾಗ ಒಳಗೆ ಅರ್ಧ ಗಂಟೆಯಲ್ಲಿ 30ರ ಹತ್ತಿರಕ್ಕೆ ಇಳಿಯುತ್ತದೆ. ಜೆಲ್ ಬಣ್ಣ ಬದಲಾದಾಗ ಅದನ್ನು 120 ಡಿಗ್ರಿಯ ಓವನ್‌ನಲ್ಲಿ ಒಣಗಿಸಬೇಕು, ಆದರೆ ಆ ಓವನ್ ಆವಿಯನ್ನು ಹೊರಗೆ ಎಳೆಯುವ ಫ್ಯೂಮ್ ಹುಡ್‌ನೊಳಗೇ ಇರಬೇಕು. ಜೆಲ್ ನೀರನ್ನಷ್ಟೇ ಅಲ್ಲದೆ ದ್ರಾವಕದ ಆವಿಯನ್ನೂ ಹೀರಿಕೊಂಡಿರುತ್ತದೆ, ಬಿಸಿಯಾದಾಗ ಎಲ್ಲವನ್ನೂ ಹೊರಗೆ ಬಿಡುತ್ತದೆ. ನಾವು ಬಳಸುವ ಮೆಥಾಕ್ಸಿ ಎಥನಾಲ್ ಸಂತಾನಶಕ್ತಿಗೂ ಗರ್ಭಕ್ಕೂ ಹಾನಿ ಮಾಡುವ ದ್ರಾವಕ. ಅದನ್ನು ಅಡುಗೆಮನೆಯ ಓವನ್‌ನಲ್ಲಿ ಒಣಗಿಸುವ ಉಳಿತಾಯ ಯಾರಿಗೂ ಬೇಡ. ನೀಲಿ ಜೆಲ್‌ನಲ್ಲಿ ವಿಷಕಾರಿಯಾದ ಕೋಬಾಲ್ಟ್ ಕ್ಲೋರೈಡ್ ಇರುವುದರಿಂದ ಕಿತ್ತಳೆ ಬಣ್ಣದ್ದನ್ನು ಕೊಂಡೆವು.

ಝಿಂಕ್ ಆಕ್ಸೈಡ್

ಪಾಕ ಸರಳವಾದದ್ದು. 1 ಗ್ರಾಂ ಝಿಂಕ್ ಅಸಿಟೇಟ್ ಡೈಹೈಡ್ರೇಟ್, 0.28 ಗ್ರಾಂ ಎಥನಾಲಮೈನ್, 10 ಮಿಲಿಲೀಟರ್ ಮೆಥಾಕ್ಸಿ ಎಥನಾಲ್. ಮೊದಲ ಎರಡರ ಅಣುಗಳ ಲೆಕ್ಕ ಹಾಕಿ ನೋಡಿದರೆ ಎರಡೂ ಸುಮಾರು 4.6 ಮಿಲಿಮೋಲ್, ಅಂದರೆ ಸಮಸಮ. ಎಥನಾಲಮೈನ್ ಝಿಂಕ್ ಅಯಾನನ್ನು ಹಿಡಿದುಕೊಂಡು ದ್ರಾವಣ ತಿಳಿಯಾಗಿ ಉಳಿಯುವಂತೆ ಮಾಡುತ್ತದೆ. ಅದು ಕಡಿಮೆಯಾದರೆ ಸೀಸೆಯ ತಳದಲ್ಲಿ ಬಿಳಿಯ ಗಸಿ ಕೂರುತ್ತದೆ. ರಾತ್ರಿಯಿಡೀ ಮುಚ್ಚಿದ ಸೀಸೆಯಲ್ಲಿ ಕಲಕಿ, ಮರುದಿನ ಸಿರಿಂಜ್ ಫಿಲ್ಟರಿನಲ್ಲಿ ಸೋಸಿ ಬಳಸುತ್ತೇವೆ. ಗಾಜನ್ನು ಸಾಬೂನು ದ್ರಾವಣ, ಬಟ್ಟಿ ಇಳಿಸಿದ ನೀರು, ಅಸಿಟೋನ್, ಐಸೊಪ್ರೊಪೈಲ್ ಆಲ್ಕೋಹಾಲ್ ಎಂಬ ಕ್ರಮದಲ್ಲಿ ಅಲ್ಟ್ರಾಸಾನಿಕ್ ತೊಟ್ಟಿಯಲ್ಲಿ ತೊಳೆದು, ಯುವಿ ಓಝೋನ್ ದೀಪದಡಿ ಕಾಲು ಗಂಟೆ ಇಡುತ್ತೇವೆ. ನಿಮಿಷಕ್ಕೆ 4000 ಸುತ್ತಿನಲ್ಲಿ ಬಳಿದು 200 ಡಿಗ್ರಿಯಲ್ಲಿ ಒಂದು ಗಂಟೆ ಕಾಯಿಸಿದರೆ ಸುಮಾರು 30 ನ್ಯಾನೊಮೀಟರ್ ದಪ್ಪದ ಪದರ ಸಿಗುತ್ತದೆ ಎಂಬುದು ಈ ಪಾಕ ಬಳಸುವವರೆಲ್ಲರ ಅನುಭವ.

ತೇವದ ಪ್ರಶ್ನೆ ಬರುವುದು ಇಲ್ಲಿಯೇ. ಅದು ಮೇಲ್ನೋಟಕ್ಕೆ ಕಾಣುವುದಕ್ಕಿಂತ ಸೂಕ್ಷ್ಮವಾದದ್ದು. ಝಿಂಕ್ ಅಸಿಟೇಟ್ ಆಕ್ಸೈಡ್ ಆಗಿ ಮಾರ್ಪಡುವಾಗ ಗಾಳಿಯ ನೀರಾವಿ ಜಲವಿಭಜನೆಗೆ ನೆರವಾಗುತ್ತದೆ. ಆದ್ದರಿಂದಲೇ ಈ ಪದರವನ್ನು ಸಾಮಾನ್ಯ ಗಾಳಿಯಲ್ಲಿ ಕಾಯಿಸುತ್ತಾರೆ. ಹಾಗಿದ್ದ ಮೇಲೆ ಮಂಗಳೂರಿನ ಗಾಳಿ ಇನ್ನೂ ಒಳ್ಳೆಯದಾಗಬೇಕಿತ್ತಲ್ಲವೇ? ಆದರೆ ಒಣ ಪೆಟ್ಟಿಗೆಯ ಹೊರಗೆ, ಬಯಲಿನಲ್ಲಿ ಬಳಿದ ಪದರಗಳು ಮಬ್ಬಾಗುತ್ತಿದ್ದವು. ಕತ್ತಲಲ್ಲಿ ಟಾರ್ಚನ್ನು ಗಾಜಿನ ಮೈಗೆ ಓರೆಯಾಗಿ ಹಿಡಿದಾಗ ಒಳ್ಳೆಯ ಪದರ ಕಪ್ಪಾಗಿಯೇ ಕಾಣುತ್ತದೆ, ಮಬ್ಬು ಪದರ ಹಾಲಿನ ತೆರೆಯಂತೆ ಬೆಳ್ಳಗೆ ಹೊಳೆಯುತ್ತದೆ. ಅಣುಬಲ ಸೂಕ್ಷ್ಮದರ್ಶಕವಿಲ್ಲದವರಿಗೆ ಈ ಟಾರ್ಚ್ ಪರೀಕ್ಷೆಗಿಂತ ಮಿಗಿಲಾದದ್ದು ಇಲ್ಲ.

ಕಾರಣವನ್ನು ಬೇರ್ಪಡಿಸಲು ಒಂದೇ ಸೀಸೆಯ ದ್ರಾವಣ, ಒಟ್ಟಿಗೇ ತೊಳೆದ ಗಾಜುಗಳನ್ನು ಇಟ್ಟುಕೊಂಡು ಮೂರು ಬಗೆಯಲ್ಲಿ ಬಳಿದೆವು. ಬಯಲಿನಲ್ಲಿ ಬಳಿದು ಬಯಲಿನಲ್ಲೇ ಕಾಯಿಸಿದ್ದು ಮಬ್ಬಾಯಿತು. ಒಣ ಪೆಟ್ಟಿಗೆಯಲ್ಲಿ ಬಳಿದು ಕೂಡಲೇ ಬಿಸಿ ಮಾಡಿದ್ದು ತಿಳಿಯಾಗಿತ್ತು. ಒಣ ಪೆಟ್ಟಿಗೆಯಲ್ಲಿ ಬಳಿದು, ಕಾಯಿಸುವ ಮೊದಲು ಬಯಲಿನಲ್ಲಿ ಕೆಲವು ನಿಮಿಷ ಇಟ್ಟದ್ದು ಅಂಚುಗಳಲ್ಲಿ ಮಬ್ಬಾಗಿತ್ತು. ಕೊನೆಯದರಿಂದ ವಿಷಯ ಸ್ಪಷ್ಟವಾಯಿತು. ಹಾನಿಯಾಗುವುದು ಕಾಯಿಸುವಾಗ ಅಲ್ಲ. ದ್ರಾವಕ ಇನ್ನೂ ಪೂರ್ತಿ ಆರದ ಹಸಿ ಪದರ ಗಾಳಿಗೆ ತೆರೆದಿರುವ ಆ ಸ್ವಲ್ಪ ಹೊತ್ತಿನಲ್ಲಿ. ಮೆಥಾಕ್ಸಿ ಎಥನಾಲ್ ನೀರಿನೊಡನೆ ಯಾವ ಪ್ರಮಾಣದಲ್ಲಿ ಬೇಕಾದರೂ ಬೆರೆಯುತ್ತದೆ. ಹಸಿ ಪದರ ನೀರೆಳೆದುಕೊಂಡರೆ ಝಿಂಕ್ ಸಂಯುಕ್ತ ಒಂದೇ ಸಮನಾಗಿ ಗಟ್ಟಿಯಾಗದೆ ಅಲ್ಲಲ್ಲಿ ಮುದ್ದೆಗಟ್ಟುತ್ತದೆ, ಮುದ್ದೆಗಳ ನಡುವೆ ಸೂಜಿಮೊನೆಯಂಥ ತೂತುಗಳು ಉಳಿಯುತ್ತವೆ. ಅಂಥ ತೂತಿನಲ್ಲಿ ಬೆರಕೆ ಪದರ ನೇರವಾಗಿ ಐಟಿಒಗೆ ತಗಲುತ್ತದೆ.

ಇದು ತಿಳಿದ ಮೇಲೆ ಪೆಟ್ಟಿಗೆಯೊಳಗೇ 80 ಡಿಗ್ರಿಯ ಚಿಕ್ಕ ಬಿಸಿತಟ್ಟೆಯೊಂದನ್ನು ಇಟ್ಟು, ಬಳಿದ ಗಾಜನ್ನು ಐದು ನಿಮಿಷ ಅದರ ಮೇಲೆ ಆರಿಸಿ, ಆಮೇಲೆ ಹೊರಗಿನ 200 ಡಿಗ್ರಿಯ ತಟ್ಟೆಗೆ ದಾಟಿಸತೊಡಗಿದೆವು. ಅಲ್ಲಿಂದ ಮುಂದೆ ಹೊರಗಿನ ಮಳೆಗೂ ಪದರದ ಮೈಗೂ ಸಂಬಂಧ ಕಡಿದುಹೋಯಿತು. ಝಿಂಕ್ ಆಕ್ಸೈಡ್ ಕೂರಿಸುವ ಒಟ್ಟು ಪ್ರಕ್ರಿಯೆಯಲ್ಲಿ ಒಣ ಗಾಳಿ ಬೇಕಾದದ್ದು ಈ ಆರೇಳು ನಿಮಿಷಗಳಿಗೆ ಮಾತ್ರ.

ಹೊರಗಿನ ಬಿಸಿತಟ್ಟೆಯ ಬಗ್ಗೆ ಒಂದು ಮಾತು. ತಟ್ಟೆಯ ಪರದೆಯಲ್ಲಿ 200 ಎಂದು ಕಂಡರೂ ಗಾಜಿನ ಮೇಲ್ಮೈಗೆ ಥರ್ಮೋಕಪಲ್ ಒತ್ತಿ ನೋಡಿದರೆ ಅದಕ್ಕಿಂತ ಕಡಿಮೆ ಇರುತ್ತದೆ. ಎಥನಾಲಮೈನ್ ಕುದಿಯುವುದು ಸುಮಾರು 170 ಡಿಗ್ರಿಯಲ್ಲಿ. ಗಾಜು ಅಷ್ಟನ್ನು ಚೆನ್ನಾಗಿ ದಾಟದಿದ್ದರೆ ಸಾವಯವ ಶೇಷ ಪದರದಲ್ಲಿಯೇ ಉಳಿಯುತ್ತದೆ. ತಟ್ಟೆಯ ಮೇಲೆ ದಪ್ಪ ಅಲ್ಯೂಮಿನಿಯಂ ಹಲಗೆ ಇಟ್ಟು, ಗಾಜಿನ ಮೇಲಿನ ಅಳತೆಯನ್ನೇ ನಂಬಿ ತಾಪವನ್ನು ಹೊಂದಿಸಿದ್ದೇವೆ. ಕಾದ ಗಾಜನ್ನು ಗ್ರಾನೈಟ್ ಮೇಜಿನ ಮೇಲೆ ನೇರವಾಗಿ ಇಟ್ಟರೆ ಸೀಳುತ್ತದೆ ಎಂಬುದನ್ನು ಹೇಳಬೇಕಾಗಿಲ್ಲ.

ಬೆರಕೆ ಪದರದ ಬಗ್ಗೆ ಹೇಳಲು ಹೆಚ್ಚಿಲ್ಲ. ಪಿ3ಎಚ್‌ಟಿ ಮತ್ತು ಪಿಸಿಬಿಎಂ ಸಮಪ್ರಮಾಣದಲ್ಲಿ, ಡೈಕ್ಲೋರೊಬೆಂಝೀನ್‌ನಲ್ಲಿ ಕರಗಿಸಿ, ಹಳದಿ ಬೆಳಕಿನಡಿ ಅದೇ ಪೆಟ್ಟಿಗೆಯಲ್ಲಿ ಬಳಿದು, ನಿಧಾನವಾಗಿ ಆರಲು ಬಿಟ್ಟೆವು.

ಹೋಲ್ ಸಾಗಿಸುವ ಪದರ

ಮೇಲಿನ ಪದರಕ್ಕೆ ಎರಡು ದಾರಿಗಳಿದ್ದವು. ನೀರಿನಲ್ಲಿ ಹರಡಿದ ಪೆಡಾಟ್ ಪಿಎಸ್‌ಎಸ್ ಅನ್ನು ಬಳಿಯಬಹುದು, ಇಲ್ಲವೇ ಮಾಲಿಬ್ಡಿನಂ ಟ್ರೈಆಕ್ಸೈಡನ್ನು ನಿರ್ವಾತದಲ್ಲಿ ಆವಿಮಾಡಿ ಕೂರಿಸಬಹುದು. ಮೊದಲನೆಯದು ಅಗ್ಗ, ಆದರೆ ಬೆರಕೆ ಪದರದ ಮೈ ನೀರನ್ನು ಒಲ್ಲದು. ಹನಿ ಹಾಕಿದರೆ ಕೆಸುವಿನೆಲೆಯ ಮೇಲಿನ ನೀರಿನಂತೆ ಗುಂಡಾಗಿ ಉರುಳಿಹೋಗುತ್ತದೆ. ಐಸೊಪ್ರೊಪೈಲ್ ಆಲ್ಕೋಹಾಲ್ ಬೆರೆಸಿ, ಟ್ರೈಟನ್ ಎಕ್ಸ್-100 ಎಂಬ ತೇವಕಾರಕವನ್ನು ತೀರ ಸ್ವಲ್ಪ ಸೇರಿಸಿದರೆ ಹರಡುತ್ತದೆ, ಪದರವೂ ಒಂದೇ ಸಮನಾಗಿ ಕೂರುತ್ತದೆ. ಅದನ್ನು ಬಳಿದ ಕೋಶಗಳು ಮೊದಲ ಅಳತೆಯಲ್ಲಿ ಚೆನ್ನಾಗಿಯೇ ಇದ್ದವು. ತೊಂದರೆ ಇರುವುದು ಪಿಎಸ್‌ಎಸ್‌ನ ಸಲ್ಫಾನಿಕ್ ಆಮ್ಲದ ಗುಂಪುಗಳಲ್ಲಿ. ಅವು ಗಾಳಿಯ ನೀರನ್ನು ಬಿಡದೆ ಎಳೆದುಕೊಳ್ಳುತ್ತವೆ, ಆ ನೀರು ಕೆಳಗಿನ ಪದರಕ್ಕೂ ಮೇಲಿನ ಲೋಹಕ್ಕೂ ತಲುಪುತ್ತದೆ. ಸೀಲ್ ಮಾಡದ ಕೋಶವನ್ನು ಆಟಿ ತಿಂಗಳ ತೇವದ ಗಾಳಿಯಲ್ಲಿ ಮೇಜಿನ ಮೇಲೆ ಬಿಟ್ಟರೆ ಅದರ ಸರಣಿ ರೋಧ ದಿನದಿಂದ ದಿನಕ್ಕೆ ಏರುವುದನ್ನು ಮಲ್ಟಿಮೀಟರಿನಲ್ಲೇ ನೋಡಬಹುದು.

ಮಾಲಿಬ್ಡಿನಂ ಆಕ್ಸೈಡಿನ ವರ್ಕ್ ಫಂಕ್ಷನ್ ಆಗತಾನೇ ಕೂರಿಸಿದಾಗ 6.8 ಎಲೆಕ್ಟ್ರಾನ್ ವೋಲ್ಟ್‌ನಷ್ಟು ಆಳದಲ್ಲಿರುತ್ತದೆ, ಗಾಳಿ ತಗುಲಿದರೆ ಒಂದು ಎಲೆಕ್ಟ್ರಾನ್ ವೋಲ್ಟ್‌ಗೂ ಹೆಚ್ಚು ಇಳಿದುಬಿಡುತ್ತದೆ. ಆದ್ದರಿಂದ ಪರಿಚಯದವರ ನಿರ್ವಾತ ಯಂತ್ರವನ್ನು ಬೆಳ್ಳಿಗಾಗಿ ಹೇಗೂ ಕೇಳಿ ಪಡೆಯಬೇಕಾಗಿದ್ದುದರಿಂದ, ಅದೇ ಯಂತ್ರದಲ್ಲಿ, ನಿರ್ವಾತ ಮುರಿಯದೆ, ಮೊದಲು 10 ನ್ಯಾನೊಮೀಟರ್ ಆಕ್ಸೈಡ್, ಹಿಂದೆಯೇ 100 ನ್ಯಾನೊಮೀಟರ್ ಬೆಳ್ಳಿ ಎಂದು ಎರಡನ್ನೂ ಒಂದೇ ಸರದಿಯಲ್ಲಿ ಮುಗಿಸಿದೆವು. ಎರಡು ದೋಣಿಗಳನ್ನು (ಆವಿಮಾಡುವ ವಸ್ತುವನ್ನು ಇಡುವ ಪುಟ್ಟ ಪಾತ್ರೆ) ಕಾಯಿಸಲು ಬರುವ ಯಂತ್ರವಿದ್ದವರು ಪೆಡಾಟ್‌ನ ಹಿಂದೆ ಬೀಳುವ ಅಗತ್ಯವಿಲ್ಲ. ಯಂತ್ರವಿಲ್ಲದವರಿಗೆ ಪೆಡಾಟ್ ಅನಿವಾರ್ಯ. ಅವರು ಕೋಶ ಮುಗಿದ ದಿನವೇ ಗಾಜಿನ ಮುಚ್ಚಳ ಇಟ್ಟು ಎಪಾಕ್ಸಿಯಿಂದ ಸೀಲ್ ಮಾಡುವುದು ಒಳ್ಳೆಯದು.

ಅಳತೆ ಮತ್ತು ಒಂದು ಸೊಟ್ಟ ರೇಖೆ

ಕೋಶದ ವಿಸ್ತೀರ್ಣ 3 ಮಿಲಿಮೀಟರ್ ಚೌಕ, ಅಂದರೆ 0.09 ಚದರ ಸೆಂಟಿಮೀಟರ್. ಮೋಡ ಕವಿದಿದ್ದ ಕಾಲವಾದ್ದರಿಂದ ಮೊದಲ ಅಳತೆಗಳನ್ನು ಬಿಳಿ ಎಲ್‌ಇಡಿ ದೀಪದಡಿ ಮಾಡಿದೆವು. ವೋಲ್ಟೇಜಿಗೆ ಎದುರಾಗಿ ವಿದ್ಯುತ್ ಪ್ರವಾಹವನ್ನು ಗುರುತಿಸಿದಾಗ, ತಿಳಿಯಾದ ಝಿಂಕ್ ಆಕ್ಸೈಡ್ ಇದ್ದ ಕೋಶಗಳಲ್ಲಿಯೂ ರೇಖೆ ಮುಕ್ತ ವೋಲ್ಟೇಜಿನ (ಪ್ರವಾಹ ಸೊನ್ನೆಯಾಗುವ ವೋಲ್ಟೇಜ್) ಬಳಿ ಒಳಕ್ಕೆ ಬಾಗಿ ಹಾವಿನಂತೆ ಸೊಟ್ಟಗಾಗಿತ್ತು. ಎಲ್ಲೋ ಒಂದು ಪದರದ ಅಂಚಿನಲ್ಲಿ ಆವೇಶಗಳು ತಡೆದು ನಿಂತಾಗ ಈ ಆಕಾರ ಬರುತ್ತದೆ. ಅನುಮಾನ ಮೊದಲು ಹೋಲ್ ಪದರದ ಮೇಲೆ ಬಿತ್ತು.

ಅದೇ ಕೋಶಗಳನ್ನು ಮಳೆ ಬಿಟ್ಟ ಒಂದು ಮಧ್ಯಾಹ್ನ ಬಿಸಿಲಿನಲ್ಲಿ ಹಿಡಿದಾಗ, ಕೆಲವು ನಿಮಿಷಗಳೊಳಗೆ ಸೊಟ್ಟ ತಾನಾಗಿ ನೆಟ್ಟಗಾಯಿತು. ಇದಕ್ಕೆ ಉತ್ತರ ಝಿಂಕ್ ಆಕ್ಸೈಡಿನ ಸ್ವಭಾವದಲ್ಲಿದೆ. ಅದರ ಮೈಗೆ ಅಂಟಿದ ಆಮ್ಲಜನಕದ ಅಣುಗಳು ಪದರದ ಎಲೆಕ್ಟ್ರಾನ್‌ಗಳನ್ನು ಹಿಡಿದಿಟ್ಟು ಅಲ್ಲೊಂದು ತಡೆಗೋಡೆ ಕಟ್ಟುತ್ತವೆ. 3.3 ಎಲೆಕ್ಟ್ರಾನ್ ವೋಲ್ಟ್ ಎಂದರೆ 375 ನ್ಯಾನೊಮೀಟರ್ ತರಂಗಾಂತರ. ಅದಕ್ಕಿಂತ ಕಿರಿದಾದ ನೇರಳಾತೀತ ಬೆಳಕು ಬಿದ್ದಾಗ ಪದರದಲ್ಲಿ ಹುಟ್ಟುವ ಹೋಲ್‌ಗಳು ಆ ಆಮ್ಲಜನಕವನ್ನು ಬಿಡಿಸುತ್ತವೆ. ಬಿಸಿಲಿನಲ್ಲಿ ಆ ಬೆಳಕು ಇದೆ. ನೀಲಿ ಎಲ್‌ಇಡಿಯ ಮೇಲೆ ಫಾಸ್ಫರ್ ಬಳಿದು ಮಾಡಿದ ಬಿಳಿ ದೀಪದಲ್ಲಿ ಇಲ್ಲ. ನೋಟು ಪರೀಕ್ಷಿಸುವ 365 ನ್ಯಾನೊಮೀಟರಿನ ಯುವಿ ಟಾರ್ಚನ್ನು ಗಾಜಿನ ಕಡೆಯಿಂದ ಹಿಡಿದರೂ ಇದೇ ಫಲ ಸಿಕ್ಕಿತು. ಎಲ್‌ಇಡಿ ದೀಪದಡಿ ಸಾವಯವ ಕೋಶ ಅಳೆಯುವ ವಿದ್ಯಾರ್ಥಿಗಳು ಒಳ್ಳೆಯ ಕೋಶವನ್ನು ಕೆಟ್ಟದ್ದೆಂದು ಎಸೆಯುವ ಸಾಧ್ಯತೆ ಇರುವುದರಿಂದ ಇದನ್ನು ಇಷ್ಟು ಬಿಡಿಸಿ ಬರೆದಿದ್ದೇನೆ.

ಯುವಿ ಟಾರ್ಚ್ ತೋರಿಸಿದ ಬಳಿಕದ ಅಳತೆಗಳಲ್ಲಿ, ಒಣ ಪೆಟ್ಟಿಗೆಯಲ್ಲಿ ಬಳಿದ ಕೋಶಗಳು ಮುಕ್ತ ವೋಲ್ಟೇಜ್ 0.56, ಪ್ರತಿ ಚದರ ಸೆಂಟಿಮೀಟರಿಗೆ 8.5 ಮಿಲಿಆಂಪಿಯರ್, ಫಿಲ್ ಫ್ಯಾಕ್ಟರ್ (ರೇಖೆ ಚೌಕಾಕಾರಕ್ಕೆ ಎಷ್ಟು ಹತ್ತಿರವಿದೆ ಎಂಬ ಅಳತೆ) 0.57ರ ಸುತ್ತಮುತ್ತ ನಿಂತವು. ಗುಣಿಸಿದರೆ ದಕ್ಷತೆ 2.7 ಶೇಕಡಾ. ಈ ಜೋಡಿಯಿಂದ ಚೆನ್ನಾಗಿ ಸಜ್ಜಾದ ಪ್ರಯೋಗಾಲಯಗಳು 3ರಿಂದ 4 ಶೇಕಡಾ ಪಡೆಯುತ್ತವೆ. ಬಯಲಿನಲ್ಲಿ ಬಳಿದವುಗಳಲ್ಲಿ ಪ್ರವಾಹ ಅಷ್ಟೇನೂ ಕುಗ್ಗಿರಲಿಲ್ಲ. ಬಿದ್ದದ್ದು ವೋಲ್ಟೇಜ್ ಮತ್ತು ಫಿಲ್ ಫ್ಯಾಕ್ಟರ್. ಕತ್ತಲಲ್ಲಿ ಅಳೆದ ರೇಖೆ ಸೊನ್ನೆ ವೋಲ್ಟಿನ ಬಳಿಯೇ ಓರೆಯಾಗಿದ್ದುದು ತೂತುಗಳ ಮೂಲಕ ಸೋರಿಕೆ ನಡೆಯುತ್ತಿದೆ ಎಂಬುದಕ್ಕೆ ಸಾಕ್ಷಿ. ಯುವಿ ಬೆಳಕು ಈ ಸೋರಿಕೆಯನ್ನು ಸರಿಪಡಿಸಲಿಲ್ಲ. ಸೊಟ್ಟ ರೇಖೆಯ ರೋಗವೂ ಓರೆ ರೇಖೆಯ ರೋಗವೂ ಬೇರೆ ಬೇರೆ.

ಝಿಂಕ್ ಆಕ್ಸೈಡ್ ಎಲ್ಲ ಕಡೆಗೂ ಒಗ್ಗುವ ಪದರ ಎಂದು ನಾನು ಹೇಳಲಾರೆ. 2019ರಲ್ಲಿ ವೈ6 ಎಂಬ ಫುಲರೀನೇತರ ವಸ್ತು ಬಂದು ದಕ್ಷತೆಯನ್ನು 15 ಶೇಕಡಾ ದಾಟಿಸಿದ ಮೇಲೆ, ಆ ಬಗೆಯ ವಸ್ತುಗಳತ್ತ ಎಲ್ಲರೂ ಹೊರಳಿದ್ದಾರೆ. ಅಂಥ ಅಣುಗಳಲ್ಲಿ ಹಲವನ್ನು ನೇರಳಾತೀತ ಬೆಳಕಿನಡಿ ಝಿಂಕ್ ಆಕ್ಸೈಡಿನ ಮೈಯೇ ಒಡೆದುಹಾಕುತ್ತದೆ. ನಮ್ಮ ಸೊಟ್ಟ ರೇಖೆಯನ್ನು ನೆಟ್ಟಗೆ ಮಾಡಿದ ಬೆಳಕೇ ಅಲ್ಲಿ ಕೋಶಕ್ಕೆ ಮುಳುವಾಗುತ್ತದೆ. ಟಿನ್ ಆಕ್ಸೈಡಿನ ಬ್ಯಾಂಡ್ ಗ್ಯಾಪ್ ಇನ್ನೂ ಅಗಲವಾದದ್ದು, ಆದ್ದರಿಂದ ಬಿಸಿಲಿನ ನೇರಳಾತೀತವನ್ನು ಅದು ಕಡಿಮೆ ಹೀರುತ್ತದೆ. ನೀರಿನಲ್ಲಿ ಹರಡಿದ ಅದರ ನ್ಯಾನೊ ಕಣಗಳನ್ನು 150 ಡಿಗ್ರಿಯಲ್ಲೇ ಆರಿಸಬಹುದು. ನೀರಿನ ದ್ರಾವಣವಾದ್ದರಿಂದ ಒಣ ಪೆಟ್ಟಿಗೆ ಅದಕ್ಕೆ ಬೇಕೋ ಬೇಡವೋ ಎಂಬುದನ್ನು ಮುಂದಿನ ಸರದಿಯ ಗಾಜುಗಳಲ್ಲಿ, ಇದೇ ಮೂರು ಬಗೆಯಲ್ಲಿ ಬಳಿದು ನೋಡಲಿದ್ದೇವೆ.